ವಂಡರ್ ಕಟ್ಟೋದಾ, ಸೆಟ್ಲರ್ ಕಳಿಸೋದಾ?

ಪ್ರಶ್ನೆ: ಸಾಮ್ರಾಜ್ಯ ಕಟ್ಟೋ ವಿಡಿಯೋ ಗೇಮ್ ಸಿವಿಲೈಸೇಷನ್ 6 ಆಡ್ತಿದೀನಿ. ಪ್ರಿನ್ಸ್ ಅನ್ನೋ ಸಾಧಾರಣ ಮಟ್ಟದಲ್ಲಿ ಆರಾಮಾಗಿ ಗೆಲ್ತೀನಿ, ಇಮ್ಮಾರ್ಟಲ್ ಅನ್ನೋ ಕಷ್ಟದ ಮಟ್ಟದಲ್ಲಿ ಒಂದು ವಂಡರೂ (ಒಬ್ಬರು ಮಾತ್ರ ಕಟ್ಟಬಹುದಾದ ಅದ್ಭುತ ಕಟ್ಟಡ) ಕೈಗೆ ಸಿಗಲ್ಲ. ಮೊನ್ನೆ ಸ್ಟೋನ್‌ಹೆಂಜ್ ಮುಗಿಯೋಕೆ ಎರಡೇ ಟರ್ನ್ ಇದ್ದಾಗ ಇನ್ಯಾರೋ ಕಟ್ಟಿಬಿಟ್ಟರು. ವಂಡರ್ ಆಸೆ ಬಿಟ್ಟುಬಿಡಲಾ? ಆಡಿದವರು ಹೇಳಿ.

ಉತ್ತರ: ಆಸೆ ಬಿಡಬೇಡಿ, ಸ್ಟೋನ್‌ಹೆಂಜ್ ಬಿಡಿ. ಸ್ಟ್ಯಾಂಡರ್ಡ್ ಸ್ಪೀಡ್‌ನಲ್ಲಿ ಅದಕ್ಕೆ 180 ಪ್ರೊಡಕ್ಷನ್ (ಊರಿನ ಕಟ್ಟೋ ಶಕ್ತಿ) ಬೇಕು. ಹೊಸ ಊರು ಹುಟ್ಟುಹಾಕೋ ಸೆಟ್ಲರ್‌ಗೆ, ಮೊದಲನೆಯದಾದರೆ, 80 ಸಾಕು. ಅಷ್ಟರಲ್ಲಿ ಹೆಚ್ಚುಕಡಿಮೆ ಎರಡು ಊರು ಎದ್ದು ನಿಲ್ತವೆ. ಊರುಗಳಿದ್ದರೆ ವಿಜ್ಞಾನ ಕೊಡೋ ಕ್ಯಾಂಪಸ್ಸು, ಸೈನ್ಯ ಎಲ್ಲಾ ಹಿಂದೆಯೇ ಬರುತ್ತೆ.

ನಾನು ಆಟ ಆಟದಲ್ಲೂ ಹುಡುಕೋದು ಪೆಟ್ರಾ ಅನ್ನೋ ವಂಡರ್. ಒಂದು ಸಲ ಎರಡನೇ ಊರಿನ ಸುತ್ತ ಬರೀ ಮರಳುಗುಡ್ಡ. ಆ ಟೈಲ್‌ನಲ್ಲಿ (ನಕ್ಷೆಯ ಒಂದು ತುಂಡು) ಇರೋದು 1 ಪ್ರೊಡಕ್ಷನ್, ಊಟ ಸೊನ್ನೆ. ಜನ ಬೆಳೆಯೋದೇ ಇಲ್ಲ. ಪೆಟ್ರಾ ಮುಗಿದ ಟರ್ನ್‌ನಲ್ಲೇ ಅದೇ ಗುಡ್ಡ 2 ಊಟ, 2 ಪ್ರೊಡಕ್ಷನ್, 2 ಚಿನ್ನ ಆಯ್ತು. ಮೇಲೆ ಗಣಿ ಹಾಕಿದೆ. ಬರಡಾಗಿದ್ದ ಊರು ರಾಜಧಾನಿಯನ್ನೇ ಮೀರಿಸಿತು, ನೋಡ್ತಾ ಕೂತಿದ್ದೆ ಅವತ್ತು! ಕಂಪ್ಯೂಟರ್ ಆಡಿಸೋ ಎದುರಾಳಿಗೂ ಕಟ್ಟೋಕೆ ಮರಳು ಜಾಗ ಬೇಕಲ್ವಾ, ಅದಕ್ಕೇ ಪೈಪೋಟಿ ಕಡಿಮೆ. ನೆಲ ಏನು ಕೇಳುತ್ತೋ ಆ ವಂಡರ್ ಕಟ್ಟಿ.

ಇನ್ನೊಬ್ಬರು: ಒಪ್ತೀನಿ. ಆದರೆ ವಂಡರ್ ಕಟ್ಟೋ ಖುಷಿಯೇ ಬೇಕು ಅಂದ್ರೆ ಮೂಲ ಆಟದ ಚೀನಾ ನಾಯಕ ಚಿನ್ ಷಿ ಹುವಾಂಗ್ ತಗೊಂಡು ಆಡಿ. ಅವನ ಬಿಲ್ಡರ್‌ಗೆ (ಕೆಲಸಗಾರ) 4 ಚಾರ್ಜ್, ಅಂದ್ರೆ ನಾಲ್ಕು ಸಲ ಕೆಲಸ ಮಾಡ್ತಾನೆ. ಏನ್ಷಿಯಂಟ್, ಕ್ಲಾಸಿಕಲ್ ಅನ್ನೋ ಮೊದಲೆರಡು ಯುಗಗಳ ವಂಡರ್‌ಗಳಲ್ಲಿ ಒಂದು ಚಾರ್ಜ್‌ಗೆ 15 ಪರ್ಸೆಂಟ್ ಕೆಲಸ ಮುಗಿಯುತ್ತೆ, ಅಂದ್ರೆ ಒಬ್ಬನಿಂದಲೇ 60. ಜೊತೆಗೆ ಈ ವಂಡರ್‌ಗಳನ್ನ ಬೇಗ ಮುಗಿಸೋ ಕೋರ್ವೇ ಪಾಲಿಸಿ ಹಾಕಿಕೊಳ್ಳಿ. ಪ್ರವಾಸಿಗರನ್ನ ಸೆಳೆದು ಗೆಲ್ಲೋ ಕಲ್ಚರ್ ವಿಕ್ಟರಿ ಗುರಿ ಇದ್ದರಂತೂ ಇವು ಒಳ್ಳೇದು, ವಂಡರ್‌ನ ಯುಗ ಹಳೇದಾದಷ್ಟೂ ಟೂರಿಸಂ ಏರುತ್ತೆ.

ಮತ್ತೊಬ್ಬರು: ಪಿರಮಿಡ್ಸ್ ಅನ್ನೋ ವಂಡರನ್ನ ಪಕ್ಕದವನೇ ಕಟ್ಟಲಿ ಬಿಡಿ. ಆ ಊರು ಹಿಡಿದರೆ ಬಿಲ್ಡರ್‌ಗೆ ಸಿಗೋ ಹೆಚ್ಚುವರಿ ಚಾರ್ಜ್ ನಿಮ್ಮದೇ. ಕಟ್ಟಿದವನಿಗೆ ಪುಕ್ಕಟೆ ಬರೋ ಬಿಲ್ಡರ್ ಮಾತ್ರ ಸಿಗಲ್ಲ. ನಾನು ಯುದ್ಧಕ್ಕೆ ಯಾವ ಊರು ಅಂತ ಆರಿಸೋದೇ ಹೀಗೆ.

ಕೇಳಿದವರು: ಎಲ್ಲರಿಗೂ ಥ್ಯಾಂಕ್ಸ್. ಈಗಿನ ಆಟದಲ್ಲಿ ದಕ್ಷಿಣಕ್ಕೆ ನಾಲ್ಕು ಮರಳುಗುಡ್ಡ, ಪಕ್ಕದಲ್ಲೇ ಕಾಡು ಇದೆ. ಸೆಟ್ಲರ್ ಹೊರಡಿಸಿದೆ. ಊರು ಆಗ್ತಿದ್ದಂತೆ ಕಾಡು ಕಡಿಸಿಬಿಡಲಾ?

ಉತ್ತರ: ಬೇಡ, ತಡೀರಿ! ಮೊದಲು ಗುಡ್ಡ ಅಲ್ಲದ ಒಂದು ಮರಳು ಟೈಲ್ ಖಾಲಿ ಬಿಟ್ಟಿಡಿ, ಪೆಟ್ರಾ ಗುಡ್ಡದ ಮೇಲೆ ಏರಲ್ಲ. ಮ್ಯಾಥಮ್ಯಾಟಿಕ್ಸ್ ತಂತ್ರಜ್ಞಾನ ಬಂದು ಪೆಟ್ರಾ ಶುರುವಾದ ಮೇಲೆ, ಗವರ್ನರ್ ಮ್ಯಾಗ್ನಸ್‌ನನ್ನು ಆ ಊರಿಗೆ ಕೂರಿಸಿ ಆಮೇಲೆ ಕಡಿಸಿ. ಅವನಿದ್ದರೆ ಕಾಡಿನಿಂದ ಬರೋ ಪ್ರೊಡಕ್ಷನ್ ಒಂದೂವರೆ ಪಟ್ಟು.