ಐದು ಲೀಟರ್ ಬಂದರೆ ಐದು ಹೋಗಬೇಕಲ್ವಾ ಕಾಕಾ?

ನವನಗರ ಕಾಕಾ: (ಫಾರ್ವರ್ಡ್ ಆದ ವಿಡಿಯೋ) ಹತ್ತೇ ನಿಮಿಷದಲ್ಲಿ ಮನೆಯಲ್ಲೇ ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಬದಲಾಯಿಸಿ! ಇವತ್ತು ಹೀಗೇ ಮಾಡಿದೆ ನೋಡ್ರಪ್ಪಾ. ಹಳೆಯದು ಬರೋಬ್ಬರಿ ಐದು ಲೀಟರ್ ಬಂತು, ಹೊಸದು ಮೂರೂವರೆಗೇ ಬಾಯಿತನಕ ತುಂಬಿತು. ನಾಳೆ ಅಂಕೋಲಾಕ್ಕೆ ಗಾಡಿ ರೆಡಿ.

ನಾನು: ಕಾಕಾ, ಉಳಿದ ಒಂದೂವರೆ ಲೀಟರಿನ ಜಾಗದಲ್ಲಿ ಈಗ ಗಾಳಿ ಇದೆ. ಅದನ್ನು ತೆಗೆಯುವುದನ್ನೇ ಈ ವಿಡಿಯೋದವರು ತೋರಿಸಿಲ್ಲ. ಬರುವಾಗ ಅರಬೈಲ್ ಘಾಟ್ ಏರಬೇಕು, ಹೀಗೇ ಹೋಗಬೇಡಿ.

ನವನಗರ ಕಾಕಾ: ಏ ತಮ್ಮಾ, ಎಂಜಿನ್ ಒಳಗೆ ಹಳೆಯದು ಸ್ವಲ್ಪ ಉಳಿದೇ ಇರುತ್ತದೆ, ಅದಕ್ಕೇ ಕಡಿಮೆ ಹಿಡಿಯಿತು. ಉಣಕಲ್ ತನಕ ಹೋಗಿ ಬಂದೆ, ಬಿಸಿ ತೋರಿಸುವ ಮುಳ್ಳು ಅರ್ಧದ ಮೇಲೆ ಏರಲೇ ಇಲ್ಲ.

ನಾನು: ಒಳಗೆ ಉಳಿದದ್ದು ಹೊರಗೇ ಬಂದಿಲ್ಲವಲ್ಲ, ಅದನ್ನು ಲೆಕ್ಕಕ್ಕೆ ಯಾಕೆ ಹಿಡಿಯುತ್ತೀರಿ? ಮುಳ್ಳನ್ನೂ ಅಷ್ಟು ನಂಬಬೇಡಿ. ಸೆನ್ಸರ್ ಕೂಲಂಟಿನಲ್ಲಿ ಮುಳುಗಿದ್ದರೆ ಮಾತ್ರ ಅದು ಸರಿ ಹೇಳುತ್ತದೆ, ಸುತ್ತ ಗಾಳಿ ನಿಂತಿದ್ದರೆ ಎಂಜಿನ್ ಹೆಡ್ (ಎಂಜಿನ್ನಿನ ಮೇಲ್ಭಾಗ) ವಿಪರೀತ ಕಾದಿದ್ದರೂ ಕಡಿಮೆ ತೋರಿಸಬಹುದು. ಹೆಡ್ ಸೊಟ್ಟಗಾಗಿ ಅದರ ಕೆಳಗೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೋದರೆ ದೊಡ್ಡ ಖರ್ಚು.

ಧಾರವಾಡ ಅಕ್ಕ: ಕಾಕಾನ ಜೊತೆ ನಾನೂ ಹೋಗಿದ್ದೆ. ಹೀಟರ್ ಹಾಕಿದರೆ ತಣ್ಣನೆ ಗಾಳಿ ಬರುತ್ತಿತ್ತು.

ನಾನು: ಎಂಜಿನ್ ಕಾದ ಮೇಲೂ ತಣ್ಣಗಿತ್ತು ಅಂದರೆ ಗಾಳಿ ಸಿಕ್ಕಿಕೊಂಡಿರುವ ಗುರುತೇ ಅಕ್ಕಾ.

ಗದಗ ಮಾಮಾ: ಕಡಿಮೆ ಬಿದ್ದದ್ದಕ್ಕೆ ಬೋರ್ ನೀರು ಹಾಕಿ ಮುಗಿಸಿರಿ. ಸುಮ್ನೆ ಇಷ್ಟು ಮಾತು.

ನಾನು: ಬೇಡ ಮಾಮಾ, ನೀರಿನ ಹಂಡೆಯೊಳಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಅದೇ ರೆಡಿಮಿಕ್ಸ್ (ನೀರು ಬೆರೆಸಿಯೇ ಬರುವ) ಕೂಲಂಟ್ ಹಾಕಿ.

ನವನಗರ ಕಾಕಾ: ಹಾಗಾದರೆ ಗಾಳಿ ತೆಗೆಯುವುದು ಹೇಗೆ, ಅದನ್ನು ಹೇಳು.

ನಾನು: ಎಂಜಿನ್ ಪೂರ್ತಿ ತಣ್ಣಗಾಗುವ ತನಕ ಕೂಲಂಟ್ ತುಂಬುವ ಮುಚ್ಚಳ ಮುಟ್ಟಬೇಡಿ, ಬಿಸಿಯಲ್ಲಿ ತೆಗೆದರೆ ಮುಖಕ್ಕೇ ಚಿಮ್ಮುತ್ತದೆ. ಗೇಟಿನ ಇಳಿಜಾರಿನಲ್ಲಿ ಗಾಡಿಯ ಮೂತಿ ಮೇಲೆ ಮಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಮುಚ್ಚಳ ತೆಗೆದು ತುಂಬಿ. ಬ್ಲೀಡ್ ಸ್ಕ್ರೂ (ಗಾಳಿ ಬಿಡುವ ತಿರುಪು) ಇದ್ದರೆ ಸಡಿಲಿಸಿ, ಗುಳ್ಳೆ ನಿಂತು ಬರೀ ಕೂಲಂಟ್ ಬಂದ ಮೇಲೆ ಬಿಗಿ ಮಾಡಿ. ಆಮೇಲೆ ಹೀಟರ್ ಫುಲ್ ಬಿಸಿಗೆ ಇಟ್ಟು ಸ್ಟಾರ್ಟ್ ಮಾಡಿ. ಸುಮಾರು 82ರಿಂದ 90 ಡಿಗ್ರಿಗೆ ಥರ್ಮೋಸ್ಟಾಟ್ (ಬಿಸಿಯಾದಾಗ ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) ತೆರೆದಾಗ ಮಟ್ಟ ಇಳಿಯುತ್ತದೆ, ಆಗ ಮತ್ತೆ ತುಂಬಿ. ರೇಡಿಯೇಟರ್ ಫ್ಯಾನ್ ತಿರುಗಿ ನಿಲ್ಲುವ ತನಕ ಕಾಯಿರಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಕ್ರಮ ಇದ್ದರೆ ಅದೇ ಸರಿ.

ಧಾರವಾಡ ಅಕ್ಕ: ತೆಗೆದ ಹಳೆಯ ಕೂಲಂಟ್ ಅಂಗಳದಲ್ಲೇ ಇದೆ. ಗಟಾರಕ್ಕೆ ಚೆಲ್ಲಲಾ?

ನಾನು: ಬೇಡವೇ ಬೇಡ! ಅದು ಸಿಹಿ ಇರುತ್ತದೆ, ಆದರೆ ವಿಷ. ನಾಯಿ ನೆಕ್ಕಿದರೆ ಸಾಯಬಹುದು. ಡಬ್ಬಿಗೆ ಮುಚ್ಚಳ ಹಾಕಿ ಮಕ್ಕಳಿಗೆ ಸಿಗದ ಹಾಗೆ ಇಡು, ಗ್ಯಾರೇಜಿನಲ್ಲಿ ತೆಗೆದುಕೊಳ್ಳುತ್ತಾರಾ ಕೇಳೋಣ.

ನವನಗರ ಕಾಕಾ: ಒಂದು ಲೀಟರ್ ಹಿಡಿಯಿತು, ಇನ್ನೂ ಗುಳ್ಳೆ ಬರುತ್ತಿದೆ. ನಾಳೆ ಬೆಳಿಗ್ಗೆ ಮಟ್ಟ ನೋಡಿಯೇ ಹೊರಡೋಣ, ತಡವಾದರೂ ಆಗಲಿ.