ಪದಚರ್ಚೆ: ಮಕ್ಕಳ ವಿಮಾನದ ‘ಪವರ್ ಸಿಸ್ಟಮ್’ಗೆ ಕನ್ನಡದಲ್ಲಿ ಏನೆನ್ನೋಣ?

ಗುಂಪಿನ ಹಿರಿಯರಿಗೂ ಗೆಳೆಯರಿಗೂ ಉಡುಪಿಯಿಂದ ನಮಸ್ಕಾರ.

ಒಂದು ಶಬ್ದ ಕೇಳೋಣವೆಂದು ಕೂತೆ, ಅದರ ಬಾಲ ಹಿಡಿದು ಇನ್ನೂ ನಾಲ್ಕು ಬಂದವು. ಪತ್ರ ಉದ್ದವಾದೀತು, ಸೈರಿಸಿಕೊಳ್ಳಿ.

ನನ್ನ ಅಕ್ಕನ ಮಗನಿಗೆ ರೇಡಿಯೊ ರಿಮೋಟಿನಲ್ಲಿ ಸಣ್ಣ ವಿಮಾನ ಹಾರಿಸುವ ಹುಚ್ಚು. ಬೇಸಗೆ ರಜೆಯಲ್ಲಿ ಬ್ರಹ್ಮಾವರದ ಹತ್ತಿರ ಹೈಸ್ಕೂಲು ಮಕ್ಕಳನ್ನು ಸೇರಿಸಿ, ಅವರ ಕೈಯಲ್ಲೇ ಥರ್ಮೋಕೋಲಿನ ವಿಮಾನ ಮಾಡಿಸುತ್ತಾನೆ. ಕನ್ನಡ ಮಾಧ್ಯಮದಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತಳಾದ ಚಿಕ್ಕಮ್ಮ ಮನೆಯಲ್ಲಿ ಸುಮ್ಮನೆ ಕೂತದ್ದು ಅವನ ಕಣ್ಣಿಗೆ ಬಿತ್ತು. “ಪವರ್ ಸಿಸ್ಟಮ್ ಆರಿಸುವುದು ಹೇಗೆ ಅಂತ ನಾಲ್ಕು ಪುಟ ಕನ್ನಡದಲ್ಲಿ ಬರೆದುಕೊಡಿ ಚಿಕ್ಕಮ್ಮ, ಮಕ್ಕಳಿಗೆ ಜೆರಾಕ್ಸ್ ಮಾಡಿ ಹಂಚುತ್ತೇನೆ” ಎಂದ. ನಾನೂ ಹುರುಪಿನಲ್ಲಿ ಬರೆದುಕೊಟ್ಟೆ.

ಮೊದಲ ಪುಟದಲ್ಲಿ “ಸಾಕಷ್ಟು ಸಾಮರ್ಥ್ಯ ಇಲ್ಲದಿದ್ದರೆ ವಿಮಾನ ಮೇಲೇಳುವುದಿಲ್ಲ” ಎಂದಿದ್ದೆ. ಮೂರನೆಯ ಪುಟದಲ್ಲಿ “ಬ್ಯಾಟರಿಯ ಸಾಮರ್ಥ್ಯ 2200 ಎಂಎಎಚ್” ಎಂದಿದ್ದೆ. ಒಂಬತ್ತನೆಯ ತರಗತಿಯ ಒಬ್ಬಳು ಹುಡುಗಿ ಎರಡೂ ಪುಟ ಸರಿಯಾಗಿ ಓದಿದಳು, ಸರಿಯಾಗಿಯೇ ಗಂಟುಹಾಕಿದಳು. ಮರುದಿನ ಎಲ್ಲಿಂದಲೋ 5000 ಎಂಎಎಚ್ ಬ್ಯಾಟರಿ ತಂದು ಕಟ್ಟಿದಳು. ಮೂರು ಸೆಲ್ಲಿನ 2200ರ ಬ್ಯಾಟರಿ ತೂಗುವುದು ಸುಮಾರು 180 ಗ್ರಾಂ. 5000ದ್ದು 400 ಗ್ರಾಂ ಹತ್ತಿರ. ಎಲ್ಲ ಸೇರಿ 700 ಗ್ರಾಂ ಆಗಬೇಕಿದ್ದ ವಿಮಾನ 900 ದಾಟಿತು, ಆ ಹೆಚ್ಚಿನ ಭಾರವೆಲ್ಲ ಮೂಗಿನಲ್ಲೇ ಕೂತಿತು. ಕೈಬಿಟ್ಟದ್ದೇ ತಡ, ಸುಗ್ಗಿ ಕೊಯ್ದ ಗದ್ದೆಯ ಕೂಳೆಗೆ ಮೂಗು ಚುಚ್ಚಿ ನಿಂತಿತು. ಮುರಿದ ಮೂಗನ್ನು ಅಂಗೈಯಲ್ಲಿ ಹಿಡಿದುಕೊಂಡು ಬಂದು ಕೇಳಿದಳು: “ಟೀಚರ್, ಸಾಮರ್ಥ್ಯ ಡಬ್ಬಲ್‌ಗಿಂತ ಜಾಸ್ತಿ ಮಾಡಿದ್ದೇನೆ. ಮತ್ತೆ ಯಾಕೆ ಬಿತ್ತು?”

ಅವಳ ತರ್ಕದಲ್ಲಿ ತಪ್ಪಿರಲಿಲ್ಲ. ತಪ್ಪು ಇದ್ದದ್ದು ನನ್ನ ಶಬ್ದದಲ್ಲಿ.

ನಮ್ಮ ಪಠ್ಯಪುಸ್ತಕಗಳಲ್ಲಿ ಹಂಚಿಕೆ ಹೀಗಿದೆ: ಫೋರ್ಸ್ ಅಂದರೆ ಬಲ, ಎನರ್ಜಿ ಅಂದರೆ ಶಕ್ತಿ, ಪವರ್ ಅಂದರೆ ಸಾಮರ್ಥ್ಯ. ಪರೀಕ್ಷೆಯ ಹಾಳೆಯ ಮೇಲೆ ಇದು ನಡೆಯುತ್ತದೆ. ಆದರೆ ‘ಸಾಮರ್ಥ್ಯ’ ಕೆಪ್ಯಾಸಿಟಿಗೂ ಹೌದು. ಟ್ಯಾಂಕಿಯ ಸಾಮರ್ಥ್ಯ 1000 ಲೀಟರು, ಸಭಾಂಗಣದ ಸಾಮರ್ಥ್ಯ 300 ಆಸನ. ಬ್ಯಾಟರಿಯ ಎಂಎಎಚ್ ಆ ಜಾತಿಯದ್ದು, ಕೊಡದಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂಬ ಲೆಕ್ಕ. ವ್ಯಾಟ್ ಬೇರೆ: ಆ ನೀರನ್ನು ಎಷ್ಟು ಬೇಗ ಸುರಿಯಬಲ್ಲಿರಿ ಎಂಬ ಲೆಕ್ಕ. ಎರಡಕ್ಕೂ ಒಂದೇ ಹೆಸರಿಟ್ಟರೆ ದೊಡ್ಡ ಕೊಡ ಹೊತ್ತವರೇ ಬೇಗ ಓಡುತ್ತಾರೆ ಎಂದ ಹಾಗಾಯಿತು.

ಹಾಗಾದರೆ ‘ಶಕ್ತಿ’ ಎನ್ನೋಣವೇ? ಪುಸ್ತಕದಲ್ಲಿ ಅದು ಎನರ್ಜಿಗೆ ಮೀಸಲು. ಆದರೆ ಎಚ್‌ಪಿಗೆ ನಾವು ಹೇಳುವುದು ಅಶ್ವಶಕ್ತಿ. 1 ಎಚ್‌ಪಿ ಎಂದರೆ ಸುಮಾರು 746 ವ್ಯಾಟ್, ಎರಡೂ ಒಂದೇ ವಸ್ತುವಿನ ಅಳತೆ, ಕುದುರೆಯ ಲೆಕ್ಕ ಕಟ್ಟಿಕೊಟ್ಟವನೂ ಜೇಮ್ಸ್ ವ್ಯಾಟನೇ. ಕುದುರೆಗೆ ಶಕ್ತಿ, ಬಲ್ಬಿಗೆ ಸಾಮರ್ಥ್ಯ, ಇದೆಂಥ ಪಂಕ್ತಿಭೇದ? ಸರ್ಕಾರದ ಕನ್ನಡ ಇನ್ನೊಂದು ದಾರಿ: ಎನರ್ಜಿ ಡಿಪಾರ್ಟ್‌ಮೆಂಟಿಗೆ ಅಲ್ಲಿ ‘ಇಂಧನ ಇಲಾಖೆ’. ಇನ್ನು ಮಕ್ಕಳಿಗೆ ಶಕ್ತಿ ಅಂದರೆ 2023ರಿಂದ ಹೆಂಗಸರ ಉಚಿತ ಬಸ್ಸು. ಖಾಸಗಿ ಬಸ್ಸುಗಳೇ ಹೆಚ್ಚು ಓಡುವ ನಮ್ಮ ಊರಿನಲ್ಲಿ ಆ ಶಕ್ತಿ ಕೈಗೆ ಸಿಗುವುದೂ ಅಪರೂಪ, ಅದಿರಲಿ.

ಅಳತೆಗೆ ಶಬ್ದವನ್ನೇ ಹುಡುಕಬಾರದು ಎಂಬ ಕಡೆಗೆ ನಾನು ವಾಲಿದ್ದೇನೆ. ಅಂಗಡಿಯಲ್ಲಿ ಯಾರೂ “ಈ ಬಲ್ಬಿನ ಸಾಮರ್ಥ್ಯ ಎಷ್ಟು” ಎಂದು ಕೇಳುವುದಿಲ್ಲ, “ಎಷ್ಟು ವ್ಯಾಟಿನದ್ದು” ಎಂದೇ ಕೇಳುವುದು. ತೋಟದವರು “ಐದು ಎಚ್‌ಪಿ” ಎನ್ನುತ್ತಾರೆ. ಹೊಸ ಪುಟದಲ್ಲಿ “ವಿಮಾನಕ್ಕೆ ಎಷ್ಟು ವ್ಯಾಟ್ ಬೇಕು?” ಎಂದೇ ಬರೆದಿದ್ದೇನೆ. ‘ಸಾಮರ್ಥ್ಯ’ ಬ್ಯಾಟರಿಗೆ ಮಾತ್ರ. ಪಠ್ಯಪುಸ್ತಕಕ್ಕೆ ವಿರುದ್ಧ ಹೋದೆನಲ್ಲ ಎಂಬ ಅಳುಕು ಇದೆ. ಈ ಗುಂಪಿನಲ್ಲಿರುವ ಮೇಷ್ಟ್ರುಗಳು ಏನೆನ್ನುತ್ತೀರಿ?

ಇನ್ನು ಮುಖ್ಯ ಪ್ರಶ್ನೆ, ‘ಪವರ್ ಸಿಸ್ಟಮ್’ ಎಂಬ ಜೋಡುಮಾತು. ಇಲ್ಲಿ ಅದು ಅಳತೆಯಲ್ಲ, ನಾಲ್ಕು ವಸ್ತುಗಳ ಒಟ್ಟು ಹೆಸರು: ಮೋಟಾರು, ಅದರ ಮೂತಿಗೆ ಹಾಕುವ ಪ್ರೊಪೆಲರ್, ವೇಗ ಹೆಚ್ಚುಕಡಿಮೆ ಮಾಡುವ ಇಎಸ್‌ಸಿ, ಮತ್ತೆ ಬ್ಯಾಟರಿ. ಒಂದನ್ನು ಬದಲಿಸಿದರೆ ಉಳಿದ ಮೂರರ ಲೆಕ್ಕ ತಪ್ಪುತ್ತದೆ, ಅದಕ್ಕೇ ಒಟ್ಟು ಹೆಸರು ಬೇಕು. ‘ವಿದ್ಯುತ್ ವ್ಯವಸ್ಥೆ’ ಅಂದರೆ ಊರಿನ ಕರೆಂಟಾಯಿತು. ‘ಶಕ್ತಿ ವ್ಯವಸ್ಥೆ’ ಅಂದರೆ ಏನೂ ಆಗಲಿಲ್ಲ.

ರಾಕೆಟ್ಟಿನ ಬರಹಗಳಲ್ಲಿ ಕಾಣುವ ‘ನೋದನ’ ಒಳ್ಳೆಯ ಶಬ್ದವೇ. ನುದ್ ಎಂದರೆ ತಳ್ಳು, ‘ವಿನೋದ’ದ ಒಳಗೆ ಇರುವುದೂ ಅದೇ ಧಾತು, ಬೇಸರವನ್ನು ಆಚೆ ತಳ್ಳುವುದು ವಿನೋದ. ಆಟದ ವಿಮಾನಕ್ಕೆ ಇದಕ್ಕಿಂತ ಒಪ್ಪುವ ನೆಂಟಸ್ತನ ಬೇರೆ ಇಲ್ಲ ಎಂದು ನಾನು ಹಿಗ್ಗಿದ್ದೆ. ‘ನೋದನ ವ್ಯವಸ್ಥೆ’ ಎಂದು ಹಲಗೆಯ ಮೇಲೆ ಬರೆದೆ. ಅರ್ಧ ತರಗತಿ ‘ನೋಡನ’ ಎಂದು ಓದಿತು, ಒಬ್ಬ ‘ವೇದನ’ ಎಂದು ಬರೆದುಕೊಂಡ. ಅಲ್ಲಿಗೆ ಅಳಿಸಿದೆ. ಮೇಳಗಳ ಆಟ ನೋಡಿ ಬೆಳೆದ ನೆರೆಮನೆಯವರೊಬ್ಬರು ‘ಹಿಮ್ಮೇಳ’ ಎನ್ನಿ ಎಂದರು: ಭಾಗವತರು, ಮದ್ದಳೆ, ಚೆಂಡೆ ಹೊಂದಿಕೊಂಡರೆ ಮಾತ್ರ ವೇಷ ಕುಣಿಯುತ್ತದೆ, ಇದೂ ಹಾಗೆ. ಮಾತು ಚಂದ. ಆದರೆ ವಿಮಾನದಲ್ಲಿ ಹಿಮ್ಮೇಳ ಮೂಗಿನ ತುದಿಯಲ್ಲಿ ಕೂತಿರುತ್ತದಲ್ಲ!

ಕೊನೆಗೆ ನನ್ನ ಮನಸ್ಸು ನಿಂತದ್ದು ‘ಮೋಟಾರ್ ಸೆಟ್’ ಎಂಬಲ್ಲಿ. ‘ಪಂಪ್‌ಸೆಟ್’ ಎಷ್ಟು ಕನ್ನಡವೋ ಇದೂ ಅಷ್ಟೇ ಕನ್ನಡ. ಹೋಲಿಕೆ ಬರೀ ಹೆಸರಿನದ್ದಲ್ಲ. ಈ ಬ್ರಶ್‌ಲೆಸ್ ಮೋಟಾರಿಗೆ ಮೂರು ವಯರು. ಅದು ತಿರುಗುಮುರುಗು ತಿರುಗಿದರೆ ಯಾವುದಾದರೂ ಎರಡು ವಯರು ಅದಲುಬದಲು ಮಾಡಬೇಕು, ಸರಿಯಾಗುತ್ತದೆ. ತ್ರೀಫೇಸ್ ಪಂಪು ಉಲ್ಟಾ ತಿರುಗಿದರೂ ಮಾಡುವುದು ಇದನ್ನೇ. ಅಡಿಕೆ ತೋಟದ ಮನೆಯ ಹುಡುಗನೊಬ್ಬ ಯಾರೂ ಹೇಳಿಕೊಡದೆ ವಯರು ಬದಲಿಸಿ ನನ್ನ ಮುಖ ನೋಡಿ ನಕ್ಕ. ಪೇಟೆಯ ಮಕ್ಕಳು ಇನ್ನೂ ಸ್ಕ್ರೂಡ್ರೈವರ್ ಹುಡುಕುತ್ತಿದ್ದರು.

ಹೊಸ ಪುಟದ ಲೆಕ್ಕವನ್ನು ಇಲ್ಲಿ ಇಡುತ್ತೇನೆ, ಭಾಷೆ ಹೇಗಿದೆ ನೋಡಿ:

“ಕಲಿಯುವವರ ವಿಮಾನಕ್ಕೆ ಕಿಲೋಗೆ ಸುಮಾರು 220 ವ್ಯಾಟ್ ಇದ್ದರೆ ಧಾರಾಳ. ನಿಮ್ಮ ವಿಮಾನ ಬ್ಯಾಟರಿ ಸಮೇತ 700 ಗ್ರಾಂ. ಹಾಗಾದರೆ 154 ವ್ಯಾಟ್ ಬೇಕು. ಮೂರು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ 11.1 ವೋಲ್ಟಿನದ್ದು. 154ನ್ನು 11.1ರಿಂದ ಭಾಗಿಸಿದರೆ ಸುಮಾರು 14 ಆಂಪಿಯರ್. ಇಎಸ್‌ಸಿ ಇದಕ್ಕಿಂತ ದೊಡ್ಡದಿರಬೇಕು. 20 ಸಾಕು, 30 ಇದ್ದರೆ ನಿಶ್ಚಿಂತೆ.”

ಒಂದು ಎಚ್‌ಪಿಯ ಐದನೆಯ ಒಂದು ಪಾಲು, ಅಷ್ಟೇ. ಬೆಳಗಿನ ಚಟ್ನಿ ಕಡೆಯುವ ಮಿಕ್ಸಿ ಇದಕ್ಕಿಂತ ಜಾಸ್ತಿ ತಿನ್ನುತ್ತದೆ.

ಮುಂದಿನ ತೊಡಕು ‘ಕೆವಿ’. ಮಗನನ್ನು ಕರೆದೊಯ್ಯಲು ಬಂದ ಒಬ್ಬರು ಲೈನ್‌ಮ್ಯಾನ್ ಮೋಟಾರಿನ ಪೆಟ್ಟಿಗೆ ತಿರುಗಿಸಿ ನೋಡಿ ಬೆಚ್ಚಿದರು. “ಎಂತ ಟೀಚರ್ ಇದು, ನಮ್ಮ ಊರಿನ ಲೈನೇ 11 ಕೆವಿ. ದೊಡ್ಡ ಟವರಿನಲ್ಲಿ ಹೋಗುವುದು 110, 220. ಈ ನೆಲ್ಲಿಕಾಯಿ ಗಾತ್ರದ್ದರಲ್ಲಿ 1000 ಕೆವಿಯಾ?” ಅವರದ್ದು ಕಿಲೋವೋಲ್ಟು. ಮೋಟಾರಿನದ್ದು ಬೇರೆಯೇ ಸಂಗತಿ: ಫ್ಯಾನು ಹಾಕದೆ ಬರಿಗೈಯಲ್ಲಿ ತಿರುಗುವಾಗ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. 1000ದ ಮೋಟಾರಿಗೆ 11.1 ವೋಲ್ಟ್ ಕೊಟ್ಟರೆ ಸುಮಾರು 11,100 ಸುತ್ತು. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ನೋಡಿ ಇವೆರಡನ್ನು ಬೇರೆ ಮಾಡಿಕೊಳ್ಳಬಹುದು. ನಮ್ಮ ಲಿಪಿಯಲ್ಲಿ ಆ ಅನುಕೂಲವಿಲ್ಲ, ಎರಡೂ ‘ಕೆವಿ’ಯೇ.

ನಗುವಿನ ಮಾತಾದರೆ ಬಿಡಬಹುದಿತ್ತು. ಸಂಖ್ಯೆ ದೊಡ್ಡದಾದರೆ ಮೋಟಾರು ಬಲವಾದದ್ದು ಎಂದು ಮಕ್ಕಳು ತಿಳಿಯುತ್ತಾರೆ. ಒಬ್ಬ 1000ದ ಬದಲು 2200ರ ಮೋಟಾರು ತಂದು ಅದಕ್ಕೇ 10 ಇಂಚಿನ ಪ್ರೊಪೆಲರ್ ಹಾಕಿ ಪೂರ್ತಿ ಏರಿಸಿದ. ಅರ್ಧ ನಿಮಿಷ ಆಗಿರಲಿಕ್ಕಿಲ್ಲ, ಅರಗು ಸುಟ್ಟ ವಾಸನೆ, ತೆಳ್ಳಗೆ ಹೊಗೆ. ಬಿಚ್ಚಿ ನೋಡಿದರೆ ಕೆಂಪಗೆ ಮಿರುಗುತ್ತಿದ್ದ ತಾಮ್ರದ ಸುರುಳಿ ಹುರಿದ ಸಾಸಿವೆಯ ಹಾಗೆ ಕಪ್ಪಾಗಿತ್ತು. ಒಂದೇ ಪ್ರೊಪೆಲರ್ ಎರಡು ಪಟ್ಟು ಬೇಗ ತಿರುಗಬೇಕಾದರೆ ಎಂಟು ಪಟ್ಟು ವ್ಯಾಟ್ ಬೇಕು. ಹೆಚ್ಚು ಕೆವಿಯ ಮೋಟಾರಿಗೆ ಸಣ್ಣ ಪ್ರೊಪೆಲರ್, ಕಡಿಮೆ ಕೆವಿಯದ್ದಕ್ಕೆ ದೊಡ್ಡದು. ತಪ್ಪಿದರೆ ಟಾಪ್ ಗೇರಿನಲ್ಲಿ ಆಗುಂಬೆ ಘಾಟಿ ಹತ್ತಲು ಹೊರಟ ಹಾಗೆ. ‘ವೋಲ್ಟಿಗೆ 1000 ಸುತ್ತಿನ ಮೋಟಾರು’ ಎಂದು ಬರೆದರೆ ಈ ಗೊಂದಲ ಹುಟ್ಟುವುದೇ ಇಲ್ಲ. ಬಾಯಿಮಾತಿನಲ್ಲಿ ‘ಸಾವಿರ ಸುತ್ತಿನದ್ದು’. ಪೆಟ್ಟಿಗೆಯ ಮೇಲೆ ಕೆವಿ ಎಂದೇ ಇರುವುದರಿಂದ ಒಮ್ಮೆ ಅದನ್ನೂ ಹೇಳಿಬಿಡುವುದು. ಒಪ್ಪಿಗೆಯೇ?

ಬ್ಯಾಟರಿಯ ಮೇಲಿನ ‘25 ಸಿ’ಯನ್ನು ಮಕ್ಕಳು 25 ಡಿಗ್ರಿ ಸೆಲ್ಸಿಯಸ್ ಎಂದೇ ಓದುತ್ತಾರೆ. ಅದಕ್ಕೆ ‘ಪಟ್ಟು’ ಸಾಕು. 2200 ಎಂಎಎಚ್ (ಮಿಲಿಆಂಪಿಯರ್-ಅವರ್) ಅಂದರೆ 2.2 ಆಂಪಿಯರ್-ಅವರ್, ಆ 2.2ರ 25 ಪಟ್ಟು 55 ಆಂಪಿಯರ್, ಅಷ್ಟರವರೆಗೆ ಎಳೆಯಬಹುದು ಎಂದು ತಯಾರಕರ ಮಾತು. ‘25 ಪಟ್ಟಿನ ಬ್ಯಾಟರಿ’. ಇದರಲ್ಲಿ ಚರ್ಚೆಗೆ ಏನೂ ಉಳಿದಿಲ್ಲ ಎಂದುಕೊಂಡಿದ್ದೇನೆ.

ಚರ್ಚೆ ಬೇಕಾದದ್ದು ಪ್ರೊಪೆಲರಿಗೆ. ಮೊದಲು ನನಗೆ ಹೊಳೆದದ್ದು ‘ಗಿರಿಗಿಟ್ಲೆ’. ತೆಂಗಿನ ಗರಿಯಲ್ಲಿ ಮಾಡಿ, ಕಡ್ಡಿ ಚುಚ್ಚಿ, ಗಾಳಿಗೆದುರು ಓಡಿದ್ದೇವಲ್ಲ. ಆದರೆ ಗಿರಿಗಿಟ್ಲೆಯನ್ನು ಗಾಳಿ ತಿರುಗಿಸುತ್ತದೆ, ಪ್ರೊಪೆಲರ್ ಗಾಳಿಯನ್ನು ಹಿಂದಕ್ಕೆ ಎಸೆಯುತ್ತದೆ, ಕೆಲಸ ತದ್ವಿರುದ್ಧ. ‘ರೆಕ್ಕೆ’ ಎಂದರೆ ವಿಮಾನಕ್ಕೆ ಆಗಲೇ ಎರಡಿವೆ. ಮಲ್ಪೆ ಬಂದರಿನಲ್ಲಿ ಬೋಟಿನವರ ಬಾಯಲ್ಲಿ ಅದು ‘ಫ್ಯಾನ್’. “ಫ್ಯಾನಿಗೆ ಬಲೆ ಸಿಕ್ಕಿತು” ಎನ್ನುತ್ತಾರೆ. ಯೋಚಿಸಿದರೆ ಅವರದ್ದೇ ಸರಿ: ಒಂದು ನೀರನ್ನು ಹಿಂದಕ್ಕೆ ತಳ್ಳುತ್ತದೆ, ಒಂದು ಗಾಳಿಯನ್ನು. ನಾನು ಮೇಲೆ ಒಂದು ಕಡೆ ಗೊತ್ತಿಲ್ಲದೆಯೇ ‘ಫ್ಯಾನು’ ಎಂದು ಬರೆದುಬಿಟ್ಟಿದ್ದೇನೆ, ಗಮನಿಸಿದಿರೋ ಇಲ್ಲವೋ. ಕೈ ತಾನಾಗಿ ಬರೆದ ಶಬ್ದಕ್ಕೆ ನನ್ನಲ್ಲಿ ಹೆಚ್ಚು ಮರ್ಯಾದೆ.

ಫ್ಯಾನಿನ ಮೇಲೆ ‘10×4.5’ ಎಂದು ಇರುತ್ತದೆ. ಹತ್ತು, ಉದ್ದಳತೆಯ ಇಂಚು. ನಾಲ್ಕೂವರೆ, ಪಿಚ್: ಮರಕ್ಕೆ ತಿರುಪು ಹೊಕ್ಕಂತೆ ಜಾರದೆ ಹೋದರೆ ಒಂದು ಸುತ್ತಿಗೆ ಇಷ್ಟು ಇಂಚು ಮುಂದೆ. ಪಿಚ್ ಅಂದರೆ ಹುಡುಗರಿಗೆ ಕ್ರಿಕೆಟ್ಟು, ಸಂಗೀತ ಕಲಿಯುವ ಹುಡುಗಿಯರಿಗೆ ಶ್ರುತಿ. ‘ಮುನ್ನಡೆ’ ಎಂದು ಇಟ್ಟಿದ್ದೇನೆ, “ಹತ್ತಿಂಚಿನ ಫ್ಯಾನು, ನಾಲ್ಕೂವರೆ ಮುನ್ನಡೆ”. ಪಂದ್ಯದಲ್ಲಿ ಮುನ್ನಡೆ ಪಡೆದ ಹಾಗೆ ಕೇಳುತ್ತದೆ ಎಂದು ಅಕ್ಕನ ಮಗನ ತಕರಾರು. ಇದಕ್ಕಿಂತ ಒಳ್ಳೆಯದು ನಿಮ್ಮಲ್ಲಿ ಯಾರಿಗಾದರೂ ಹೊಳೆದರೆ ಕೂಡಲೇ ಬದಲಿಸುತ್ತೇನೆ.

ಥ್ರಸ್ಟಿಗೆ ‘ನೂಕುಬಲ’. “ಮುಂದೆ ಇರುವ ಫ್ಯಾನು ವಿಮಾನವನ್ನು ಎಳೆಯುವುದಲ್ಲವಾ, ನೂಕುವುದು ಹೇಗೆ?” ಎಂದು ಒಬ್ಬ ಕೇಳಿದ್ದ. ಫ್ಯಾನು ಗಾಳಿಯನ್ನು ಹಿಂದಕ್ಕೆ ನೂಕುತ್ತದೆ, ಗಾಳಿ ಫ್ಯಾನನ್ನು ಮುಂದಕ್ಕೆ ನೂಕುತ್ತದೆ ಎಂದು ಸಮಜಾಯಿಷಿ ಕೊಟ್ಟೆ. ‘ಎಳೆತ’ವನ್ನು ಗಾಳಿಯ ಅಡ್ಡಿಗೆ ಉಳಿಸಿಕೊಳ್ಳಬೇಕು, ಇಲ್ಲಿ ಖರ್ಚು ಮಾಡಿದರೆ ಅಲ್ಲಿಗೆ ಇರುವುದಿಲ್ಲ.

‘ಮಾದರಿ ವಿಮಾನ’ ಎಂಬುದನ್ನೂ ಕೈಬಿಟ್ಟಿದ್ದೇನೆ. ಮಾದರಿ ಶಾಲೆ, ಮಾದರಿ ಗ್ರಾಮ ಇದ್ದ ಹಾಗೆ ಉಳಿದ ವಿಮಾನಗಳಿಗೆ ಬುದ್ಧಿ ಹೇಳುವ ವಿಮಾನದಂತೆ ಕೇಳುತ್ತದೆ. ‘ಆಟಿಕೆ’ ಎಂದರೆ ಮಕ್ಕಳಿಗೆ ಸಿಟ್ಟು. ‘ರಿಮೋಟ್ ವಿಮಾನ’ ಎಂದಿಟ್ಟಿದ್ದೇನೆ.

ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬಂದರಿನ ಕಡೆಯವರು ಗುಂಪಿನಲ್ಲಿದ್ದೀರಿ. ಎಂಜಿನ್ ಬೋಟು ಬಂದ ಹೊಸತರಲ್ಲಿ ಈ ಫ್ಯಾನಿಗೆ ಮೊಗವೀರ ಹಿರಿಯರು ತುಳುವಿನಲ್ಲೋ ಕುಂದಗನ್ನಡದಲ್ಲೋ ಬೇರೆ ಏನಾದರೂ ಹೆಸರಿಟ್ಟಿದ್ದರೇ? ಮನೆಯಲ್ಲಿ ಅಜ್ಜಂದಿರಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಏಪ್ರಿಲ್ ಮೊದಲ ವಾರ ಪುಟಗಳನ್ನು ಜೆರಾಕ್ಸಿಗೆ ಕೊಡಬೇಕು.

ಮರೆತ ಮಾತು: ಹಾಳಾದ ಲಿಪೊ ಬ್ಯಾಟರಿ ಒಳಗೆ ಅನಿಲ ತುಂಬಿ ಹಪ್ಪಳದ ಹಾಗೆ ಉಬ್ಬುತ್ತದೆ, ಅಂಥದ್ದನ್ನು ಮತ್ತೆ ಚಾರ್ಜಿಗೆ ಹಾಕಬಾರದು. ನಾನು ‘ಊದಿಕೊಂಡ’ ಎಂದು ಬರೆದಿದ್ದೆ. ಮೂಗು ಮುರಿದುಕೊಂಡ ಅದೇ ಹುಡುಗಿ ಒಂದು ಬ್ಯಾಟರಿಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿ, “ಟೀಚರ್, ಇದು ಬಾತಿದೆ” ಎಂದಳು. ತಿದ್ದಿದ ಪ್ರತಿಯಲ್ಲಿ ‘ಬಾತ ಬ್ಯಾಟರಿ’ ಎಂದೇ ಇದೆ.