ಡಿಕ್ಯೂ200 (7 ಸ್ಪೀಡ್ ಡಿಎಸ್‌ಜಿ) ಮೆಕಾಟ್ರಾನಿಕ್ ಹೋದರೆ ಪೂರ್ತಿ ಬದಲಿಸಲೇಬೇಕಾ? ವಾರಂಟಿ ಮುಗಿದ ಗಾಡಿಗೆ ದಾರಿ ಏನು?

ಪ್ರಶ್ನೆ: ಮೂರನೇ_ಗೇರು

ಪೋಲೊ ಜಿಟಿ ಟಿಎಸ್‌ಐ, ವೆಂಟೊ, ರ‍್ಯಾಪಿಡ್, ಆಕ್ಟೇವಿಯಾ 1.8 ಗಾಡಿಗಳಲ್ಲಿ ಬಂದ ಡ್ರೈ ಕ್ಲಚ್ ಡಿಎಸ್‌ಜಿ (ಫೋಕ್ಸ್‌ವ್ಯಾಗನ್ ಗುಂಪಿನ ಎರಡು ಕ್ಲಚ್ಚಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್) ಬಗ್ಗೆ ಚೂರುಚೂರು ಮಾಹಿತಿ ಅಲ್ಲಲ್ಲಿ ಇದೆ. ಒಂದೇ ಕಡೆ ಸಿಗಲಿ ಅಂತ ಕೇಳ್ತಿದೀನಿ. ಮೆಕಾಟ್ರಾನಿಕ್ ಅಂದ್ರೆ ಆ ಗೇರ್‌ಬಾಕ್ಸನ್ನ ನಡೆಸೋ ಕಂಪ್ಯೂಟರ್, ಹೈಡ್ರಾಲಿಕ್ಸ್ ಸೇರಿದ ಭಾಗ. ಲಕ್ಷಣ ಗೊತ್ತಿರೋದೇ: ಮೀಟರಿನಲ್ಲಿ ಗೇರ್ ಅಕ್ಷರ ಮಿಣುಕುತ್ತೆ, ಇಂಜಿನ್ ಓಡ್ತಾನೇ ಇರುತ್ತೆ, ಡಿ ಹಾಕಿದ್ರೂ ಆರ್ ಹಾಕಿದ್ರೂ ಗಾಡಿ ಕದಲಲ್ಲ. ಸ್ಕ್ಯಾನ್ ಮಾಡಿದ್ರೆ ಪಿ17ಬಿಎಫ್ ಅಥವಾ ಪಿ189ಸಿ ಅನ್ನೋ ದೋಷದ ಕೋಡ್. ಆಮೇಲೆ ಬರೋ ಎಸ್ಟಿಮೇಟಿನಲ್ಲಿ "ಮೆಕಾಟ್ರಾನಿಕ್ ಯೂನಿಟ್ ಕಂಪ್ಲೀಟ್" ಅಂತ ಒಂದೇ ಸಾಲು, ಲಕ್ಷ ದಾಟಿದ ಮೊತ್ತ. ಗಾಡಿಯ ಮಾರುಕಟ್ಟೆ ಬೆಲೆಯಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತೆ.

ಕೇಳಬೇಕಾಗಿರೋದು ಇಷ್ಟು. ಒಂದು, ಒಳಗಿನ ಯಾವ ಭಾಗ ಹೋಗಿದೆ ಅಂತ ಬಿಚ್ಚೋ ಮೊದಲೇ ತಿಳಿಯೋಕಾಗುತ್ತಾ? ಎರಡು, ಹೌಸಿಂಗ್ (ಮೆಕಾಟ್ರಾನಿಕ್‌ನ ಲೋಹದ ಕವಚ) ಮಾತ್ರ ಬದಲಿಸಿದ್ರೆ ನಿಲ್ಲುತ್ತಾ? ಮೂರು, ಇದು ತಯಾರಿಕೆಯ ದೋಷ ಅಂತ ಬೇರೆ ದೇಶಗಳಲ್ಲಿ ಕಂಪನಿಯೇ ರೀಕಾಲ್ ಮಾಡಿದೆ. ಇಲ್ಲಿ ವಾರಂಟಿ ಮುಗಿದವರು ಅದನ್ನ ಹಿಡಿದು ಏನಾದ್ರೂ ಕೇಳಬಹುದಾ?

ಸ್ಪ್ಯಾನರ್_ಸೀನ

ಮೊದಲು ಒಳಗಿನ ವ್ಯವಸ್ಥೆ ತಿಳ್ಕೊಳ್ಳಿ, ಎಸ್ಟಿಮೇಟ್ ಓದೋದು ಸುಲಭ ಆಗುತ್ತೆ.

ಈ ಗೇರ್‌ಬಾಕ್ಸಿನಲ್ಲಿ ಎರಡು ಬೇರೆ ಬೇರೆ ಆಯಿಲ್. ಗೇರುಗಳಿಗೆ ಸುಮಾರು 1.7 ಲೀಟರ್, ಮೆಕಾಟ್ರಾನಿಕ್‌ಗೆ ಪ್ರತ್ಯೇಕ ಹೈಡ್ರಾಲಿಕ್ ಆಯಿಲ್ ಸುಮಾರು 1 ಲೀಟರ್. ಎರಡೂ ಒಂದಕ್ಕೊಂದು ಸೇರಲ್ಲ. ಮೆಕಾಟ್ರಾನಿಕ್ ಅಂದ್ರೆ ಕಂಪ್ಯೂಟರ್ ಬೋರ್ಡು, ಸೆನ್ಸರು, ವಾಲ್ವು, ಕರೆಂಟಿನ ಪಂಪು ಎಲ್ಲ ಒಂದೇ ಗಂಟು. ಇಂಜಿನ್ ತಿರುಗಿಸೋ ಪಂಪ್ ಇದರಲ್ಲಿಲ್ಲ. ಕರೆಂಟ್ ಪಂಪು ಆಗಾಗ ಓಡಿ ಅಕ್ಯುಮ್ಯುಲೇಟರ್ ಅನ್ನೋ ಡಬ್ಬಿಯಲ್ಲಿ ಒತ್ತಡ ತುಂಬಿಡುತ್ತೆ, ಹೆಚ್ಚುಕಮ್ಮಿ 40ರಿಂದ 60 ಬಾರ್. ಕ್ಲಚ್ ಒತ್ತೋದು, ಗೇರ್ ಬದಲಿಸೋದು ಎಲ್ಲ ಆ ಉಳಿತಾಯದಿಂದಲೇ.

ದೋಷ ಇರೋದು ಆ ಡಬ್ಬಿ ಕೂರೋ ಜಾಗದಲ್ಲಿ. ಅಕ್ಯುಮ್ಯುಲೇಟರ್ ಅಲ್ಯುಮಿನಿಯಂ ಹೌಸಿಂಗಿಗೆ ಥ್ರೆಡ್‌ನಿಂದ ತಿರುಚಿ ಕೂತಿರುತ್ತೆ. ಒತ್ತಡ ಏರಿ ಇಳಿದು, ಏರಿ ಇಳಿದು, ವರ್ಷಗಟ್ಟಲೆ ಇದೇ ನಡೆದು ಥ್ರೆಡ್ ಸುತ್ತ ಲೋಹ ದಣಿದು ಸೀಳು ಬಿಡುತ್ತೆ. ಒಂದು ಗೆರೆಯಷ್ಟು ಸೀಳು ಸಾಕು, ಒತ್ತಡ ನಿಲ್ಲಲ್ಲ. ಪಂಪು ತುಂಬಿಸಿ ತುಂಬಿಸಿ ಸೋಲುತ್ತೆ, ಕೊನೆಗೆ ಪಂಪ್ ಸುಟ್ಟುಹೋಗದಿರಲಿ ಅಂತ ಕಂಪ್ಯೂಟರೇ ಅದನ್ನ ನಿಲ್ಲಿಸುತ್ತೆ. ಪಿ17ಬಿಎಫ್ ಹೇಳೋದು ಅದನ್ನೇ: ಪಂಪಿನ ರಕ್ಷಣೆಗಾಗಿ ನಿಲ್ಲಿಸಲಾಗಿದೆ. ಅಂದ್ರೆ ಆ ಕೋಡ್ ಪರಿಣಾಮ ಮಾತ್ರ ತೋರಿಸುತ್ತೆ, ಕಾರಣ ತೋರಿಸಲ್ಲ. ಕೋಡ್ ನೋಡಿದ ಕೂಡಲೇ ಯೂನಿಟ್ ಬದಲಿಸಿ ಅನ್ನೋರ ಹತ್ತಿರ ಸ್ವಲ್ಪ ತಡೆದು ನಿಲ್ಲಿ.

ಬಿಚ್ಚದೇ ನೋಡೋ ಕ್ರಮ:

ಬ್ಯಾಟರಿ ವೋಲ್ಟೇಜ್ ಮತ್ತು ಮೆಕಾಟ್ರಾನಿಕ್‌ನ ಫ್ಯೂಸು ಮೊದಲು. ನಗಬೇಡಿ, ಸತ್ತ ಬ್ಯಾಟರಿಗೂ ಈ ಪಂಪು ಬೇಜಾರು ಮಾಡಿಕೊಳ್ಳುತ್ತೆ.

ಡ್ರೈವರ್ ಬಾಗಿಲು ತೆಗೆದಾಗ ಬಾನೆಟ್ ಕಡೆಯಿಂದ "ಝುಂ" ಅಂತ ಒಂದು ಸದ್ದು ಬರುತ್ತೆ, ಅದೇ ಪಂಪು. ಕೆಲವು ಸೆಕೆಂಡ್ ಓಡಿ ನಿಂತರೆ ಸರಿ. ನಿಲ್ಲದೇ ಓಡ್ತಿದ್ರೆ ಎಲ್ಲೋ ಸೋರಿಕೆ. ಸದ್ದೇ ಇಲ್ಲ ಅಂದ್ರೆ ಮೋಟರ್, ಇಲ್ಲವೇ ಅದಕ್ಕೆ ಕರೆಂಟ್ ಕೊಡೋ ಬೋರ್ಡಿನ ಪಟ್ಟಿ ಸುಟ್ಟಿದೆ.

ಆಮೇಲೆ ವಿಸಿಡಿಎಸ್ ಅಥವಾ ಒಡಿಸ್ (ಎರಡೂ ಈ ಗಾಡಿಗಳ ಸ್ಕ್ಯಾನ್ ಸಾಫ್ಟ್‌ವೇರು) ಹಾಕಿ ಹೈಡ್ರಾಲಿಕ್ ಒತ್ತಡದ ಲೈವ್ ಡೇಟಾ ನೋಡಿ. ಒತ್ತಡ ಏರೋದೇ ಇಲ್ಲ, ಪಂಪ್ ಮಾತ್ರ ಓಡುತ್ತೆ: ಸೀಳು. ಏರುತ್ತೆ, ಆದರೆ ಸುಮ್ಮನೆ ನಿಂತಾಗಲೂ ಸೆಕೆಂಡುಗಳಲ್ಲಿ ಇಳಿದು ಪಂಪು ಮತ್ತೆ ಮತ್ತೆ ಎದ್ದೇಳುತ್ತೆ: ಅಕ್ಯುಮ್ಯುಲೇಟರಿನ ಗ್ಯಾಸ್ ಹೋಗಿದೆ, ಅಥವಾ ಸೀಳು ಈಗಷ್ಟೇ ಶುರು. ಕೆಳಗೆ ಆಯಿಲ್ ಹನಿ ಕಾಣಲೇಬೇಕು ಅಂತಿಲ್ಲ, ಒಳಗೊಳಗೇ ಸೋರಿದ್ರೂ ಫಲ ಇದೇ.

ಈ ಗ್ರಾಫನ್ನ ಕಿಲೋಮೀಟರ್, ದಿನಾಂಕ ಸಮೇತ ಸೇವ್ ಮಾಡಿಸಿ. ಯಾವ ಪಾರ್ಟ್ ಹಾಕಬೇಕು ಅನ್ನೋಕೂ ಅದೇ ಬೇಕು, ಮುಂದೆ ಕಂಪನಿ ಜೊತೆ ಮಾತಾಡೋಕೂ ಅದೇ ಬೇಕು.

ಧಾರವಾಡ_ಡಿಸಿಟಿ

ಸೀನ ಅವರು ಹೇಳಿದ್ದು ಖರೇ ಅದ. ಎರಡನೇ ಪ್ರಶ್ನೆಗೆ ನಾ ಹೇಳ್ತೀನ್ರಿ.

ಸೀಳಿದ್ದು ಹೌಸಿಂಗ್ ಅಷ್ಟೇ ಇದ್ರ ಪೂರ್ತಿ ಯೂನಿಟ್ ಬೇಕಾಗಂಗಿಲ್ಲ. ಹೌಸಿಂಗ್, ಅಕ್ಯುಮ್ಯುಲೇಟರ್, ಸೀಲು, ಗ್ಯಾಸ್ಕೆಟ್ ಸೇರಿದ ರಿಪೇರಿ ಕಿಟ್ ಸಿಗತಾವ. ಖರ್ಚು ಹೊಸಾ ಯೂನಿಟ್ಟಿನ ಅರ್ಧಕ್ಕಿಂತ ಭಾಳ ಕಡಿಮಿ. ಗಾಡಿದೇ ಬೋರ್ಡ್ ಉಳಿಯೋದ್ರಿಂದ ಹೊಸದಾಗಿ ಕೋಡಿಂಗ್ ಮಾಡೋ ತ್ರಾಸೂ ಇಲ್ಲ. ಹಳೇ ಹೌಸಿಂಗಿಗೆ ವೆಲ್ಡಿಂಗ್ ಮಾಡ್ತೀವಿ ಅಂದ್ರ ಮಾತ್ರ ಎದ್ದು ಬರ್ರಿ. ಕಾಸಿದ ಅಲ್ಯುಮಿನಿಯಂ ಸೊಟ್ಟ ಆಗಿ ವಾಲ್ವಿನ ದಾರಿ ಬಿಗಿತಾವ, ಮತ್ತ ಅದೇ ಒತ್ತಡಕ್ಕ ಅಲ್ಲೇ ಬಾಜೂಕ ಸೀಳತದ.

ಗೇರ್‌ಬಾಕ್ಸ್ ಇಳಸೋ ಕಾರಣಿಲ್ಲ. ಮೆಕಾಟ್ರಾನಿಕ್ ಮುಂದಿನ ಮುಖಕ್ಕ ಇರತದ, ಗಾಡಿಯೊಳಗ ಇದ್ದಂಗನ ಬಿಚ್ಚಬಹುದು. ಕೆಲಸ ಕೆಡೋದು ಎಲ್ಲಿ ಅಂದ್ರ:

ಕ್ಲಚ್ಚಿನ ರಿಲೀಸ್ ಲಿವರ್ ಎರಡನ್ನೂ ಮೆಕಾಟ್ರಾನಿಕ್ಕಿನ ಪುಶ್ ರಾಡಿನಿಂದ ಹಿಂದ ಸರಿಸಿ ಹಿಡಿದೇ ಯೂನಿಟ್ ಎಳೀಬೇಕು. ಹಂಗs ಎಳದ್ರ ಲಿವರ್ ಬೀಳತದ. ಬಿತ್ತಂದ್ರ ಗೇರ್‌ಬಾಕ್ಸ್ ಇಳಸೂದs ಮುಂದಿನ ದಾರಿ.

ತಿರಗಿ ಕೂಡಸೋವಾಗ ನಾಲ್ಕೂ ಗೇರ್ ಸೆಲೆಕ್ಟರ್ ಪಿಸ್ಟನ್ 25 ಮಿ.ಮೀ. ಹೊರಗ ಬಂದಿರಬೇಕು. ಸ್ಕೇಲ್ ಹಿಡಿದು ಅಳೀರಿ, ಕಣ್ಣಂದಾಜು ಬ್ಯಾಡ. ಒಂದು ತಪ್ಪಿದ್ರ ಫೋರ್ಕಿಗೆ ಕೂಡಂಗಿಲ್ಲ, ಬೋಲ್ಟ್ ಬಿಗಿದ್ರ ಏನರ ಮುರೀತದ.

ಕನೆಕ್ಟರಿನ ಪಿನ್ನಿಗೆ ಬೆರಳು ಹಚ್ಚಬ್ಯಾಡ್ರಿ. ಮೈಯಾಗಿನ ಸ್ಟ್ಯಾಟಿಕ್ ಕರೆಂಟಿಗೆ ಬೋರ್ಡ್ ಹೋಗತದ. ಮೊದಲ ಗಾಡಿಯ ಬಾಡಿ ಮುಟ್ಟಿ, ಆಮ್ಯಾಲ ಕೈ ಹಾಕ್ರಿ.

ಆಯಿಲ್ ಲೆವೆಲ್ ನೋಡೋ ಬೋಲ್ಟ್ ಇದಕ್ಕ ಇಲ್ಲ. ಪೂರ್ತಿ ಇಳಿಸಿ, ಅಳತಿ ಪಾತ್ರೆಯಾಗ ಅಳದು, ಗಾಳಿ ಹೋಗೋ ತೂತಿನಿಂದ ಹಾಕಬೇಕು. ಅಂದಾಜಿಲೆ ಟಾಪಪ್ ಮಾಡೋ ಗ್ಯಾರೇಜ್ ಇದ್ರ ಬ್ಯಾರೇದು ಹುಡಕ್ರಿ.

ಕಡೀಕ ಬೇಸಿಕ್ ಸೆಟ್ಟಿಂಗ್. ಸ್ಕ್ಯಾನರಿನಿಂದ ಇದನ್ನ ಮಾಡಿದ ಮ್ಯಾಲ ಕ್ಲಚ್ ಎಲ್ಲಿ ಹಿಡೀತದ, ಗೇರ್ ಎಲ್ಲಿ ಕೂಡತದ ಅನ್ನೋದು ಬೋರ್ಡಿಗೆ ತಿಳೀತದ. ಆಮ್ಯಾಲ ಎಲ್ಲಾ ಗೇರಿನ್ಯಾಗೂ ಅಡ್ಯಾಪ್ಟೇಶನ್ ಡ್ರೈವ್, ಅಂದ್ರ ಬೋರ್ಡ್ ಕಲೀಲಿ ಅಂತ ಗಾಡಿ ಓಡಸೋದು. ಬೇಸಿಕ್ ಸೆಟ್ಟಿಂಗ್ ಅರ್ಧಕ್ಕ ನಿಂತ್ರ ಸಾಫ್ಟ್‌ವೇರಿಗೆ ಬೈಯೋ ಮೊದಲ ಆಯಿಲ್ ಎಷ್ಟು ಹಾಕೀರಿ ನೋಡ್ರಿ.

ಬೋರ್ಡ್ ಸುಟ್ಟಿದ್ರ ಮಾತು ಬ್ಯಾರೆ. ಪಟ್ಟಿ ಬೆಸೆದು ಕೊಡೋರು ಅದಾರ, ಕೆಲವು ನಿಲ್ತಾವ, ಕೆಲವು ಇಲ್ಲ. ಸೆಕೆಂಡ್ ಹ್ಯಾಂಡ್ ಯೂನಿಟ್ ತರೋದಾದ್ರ ಗೇರ್‌ಬಾಕ್ಸಿನ ಕೋಡ್ ಅಕ್ಷರ, ಸಾಫ್ಟ್‌ವೇರ್ ಎರಡೂ ಕೂಡಬೇಕು. ಮತ್ತ ಅದೂ ಅಷ್ಟೇ ಹಳೇ ಹೌಸಿಂಗ್ ಅನ್ನೋದು ನೆನಪಿರ್ಲಿ.

ಕಡಲತಡಿ

ಕ್ಲಚ್ ಮತ್ತು ಮೆಕಾಟ್ರಾನಿಕ್ ಎರಡನ್ನೂ ಒಂದೇ ಬಿಲ್ಲಿಗೆ ಕಟ್ಟುವ ರೂಢಿ ಉಂಟು, ಅದಕ್ಕೆ ಒಂದು ಮಾತು. ಮೊದಲ ಗೇರಿನಿಂದ ಎರಡಕ್ಕೆ ಹೋಗುವಾಗ ಗಾಡಿ ಗಡಗಡ ನಡುಗುವುದು ಕ್ಲಚ್ಚಿನ ಲಕ್ಷಣ. ಅದಕ್ಕೂ ಹೌಸಿಂಗ್ ಸೀಳಿಗೂ ಸಂಬಂಧ ಇಲ್ಲ. 1, 3, 5, 7 ಒಂದು ಕ್ಲಚ್ಚಿನಲ್ಲಿ. 2, 4, 6 ಮತ್ತು ರಿವರ್ಸ್ ಇನ್ನೊಂದರಲ್ಲಿ. ರಿವರ್ಸ್ ಮತ್ತು ಸಮ ಗೇರುಗಳು ಮಾತ್ರ ಹೋದರೆ ತೊಂದರೆ ಆ ಬದಿಯದ್ದು ಎಂದು ಅಲ್ಲಿಗೇ ತಿಳಿಯುತ್ತದೆ. ಎಲ್ಲವೂ ಒಟ್ಟಿಗೆ ಹೋದರೆ ಒತ್ತಡದ್ದೇ ಇರಬೇಕು. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಇಳಿಸಲೇಬೇಕು, ವಿಶೇಷ ಪುಲ್ಲರ್ ಬೇಕು, ಹಳೆಯ ತಲೆಮಾರಿನ ಕ್ಲಚ್ಚಿಗೆ ಶಿಮ್ (ಅಂತರ ಸರಿಮಾಡುವ ತೆಳು ಬಳೆ) ಅಳೆದು ಆರಿಸಬೇಕು.

ಇನ್ನು ಆಯಿಲ್. 2013ರ ನವೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಸುಮಾರು 16 ಲಕ್ಷ ಗಾಡಿಗಳಿಗೆ ಈ ಗೇರ್‌ಬಾಕ್ಸಿನ ಸಿಂಥೆಟಿಕ್ ಆಯಿಲ್ ತೆಗೆದು ಮಿನರಲ್ ಆಯಿಲ್ ಹಾಕುವ ರೀಕಾಲ್ ಘೋಷಿಸಿತು. ಬಿಸಿ, ತೇವ ಮತ್ತು ನಿಂತು ಹೊರಡುವ ಟ್ರಾಫಿಕ್ ಸೇರಿದಾಗ ಒಳಗಿನ ಎಲೆಕ್ಟ್ರಾನಿಕ್ಸ್ ಶಾರ್ಟ್ ಆಗುತ್ತದೆ ಎಂಬುದು ಕಾರಣ. ನಮ್ಮ ಮಂಗಳೂರು-ಉಡುಪಿ ಹವೆಗೆ ಬೇರೆ ವ್ಯಾಖ್ಯಾನ ಬೇಡ. ಆ ಕಾಲದ ಗಾಡಿಯಾದರೆ ಚಾಸಿಸ್ ನಂಬರ್ ಕೊಟ್ಟು, ಬಾಕಿ ಇರುವ ರೀಕಾಲ್ ಅಥವಾ ಸರ್ವಿಸ್ ಕ್ಯಾಂಪೇನ್ ಇದೆಯೇ ಎಂದು ಲಿಖಿತವಾಗಿ ಕೇಳಿ. ಬಾಯಿಮಾತಿನ "ಇಲ್ಲ" ಸಾಲದು.

ಮೂರನೇ_ಗೇರು

ಸೀನ, ಧಾರವಾಡದವರಿಗೆ, ಕಡಲತಡಿಯವರಿಗೆ ಧನ್ಯವಾದ. ಮೂರನೇ ಪ್ರಶ್ನೆ ಬಾಕಿ ಇದೆ. ಚೀನಾದಲ್ಲಿ ಹತ್ತು ವರ್ಷ ವಾರಂಟಿ ಕೊಟ್ಟಿದ್ದನ್ನ ಇಲ್ಲಿ ತೋರಿಸಿದ್ರೆ ಬೆಲೆ ಇದೆಯಾ?

ಕಲಂ_38

ಬೆಲೆ ಇದೆ, ಆದರೆ ಹಕ್ಕಾಗಿ ಅಲ್ಲ, ಸಾಕ್ಷ್ಯವಾಗಿ. 2013ರ ಮಾರ್ಚ್ 15ರಂದು ಚೀನಾದ ಸರ್ಕಾರಿ ಟಿವಿಯಲ್ಲಿ ಕಾರ್ಯಕ್ರಮ ಬಂದ ಮೇಲೆ ಅಲ್ಲಿ 3,84,181 ಗಾಡಿಗಳ ರೀಕಾಲ್ ಆಯಿತು. ಈ ಗೇರ್‌ಬಾಕ್ಸಿಗೆ 10 ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಅದಕ್ಕೂ ಮೊದಲೇ, 2012ರಲ್ಲಿ, ಸಿಕ್ಕಿತ್ತು. ಆಸ್ಟ್ರೇಲಿಯಾದಲ್ಲಿ 2019ರಲ್ಲಿ ಇದೇ ಅಕ್ಯುಮ್ಯುಲೇಟರ್ ಸೀಳಿನ ಹೆಸರಿನಲ್ಲೇ ರೀಕಾಲ್ ಆಗಿದೆ. ಅಲ್ಲಿನ ಪರಿಹಾರ ಇಲ್ಲಿಗೆ ತಾನಾಗಿ ಬರುವುದಿಲ್ಲ. "ನಿಮ್ಮ ಡ್ರೈವಿಂಗ್ ಸರಿಯಿಲ್ಲ, ಟ್ರಾಫಿಕ್ ಜಾಸ್ತಿ" ಎಂಬ ಉತ್ತರಕ್ಕೆ ಮಾತ್ರ ಅದು ಒಳ್ಳೆಯ ಎದುರುತ್ತರ: ದೋಷ ಭಾಗದಲ್ಲಿದೆ ಎಂದು ತಯಾರಕರೇ ಬೇರೆಡೆ ಒಪ್ಪಿದ್ದಾರೆ.

ಮೊದಲ ಹೆಜ್ಜೆ ಗುಡ್‌ವಿಲ್ ಅರ್ಜಿ, ಅಂದರೆ ವಾರಂಟಿ ಮುಗಿದಿದ್ದರೂ ಖರ್ಚಿನಲ್ಲಿ ಪಾಲು ಕೊಡಿ ಎಂಬ ಕೋರಿಕೆ. ಡೀಲರ್ ಮೂಲಕ ಮತ್ತು ನೇರವಾಗಿ ಕಂಪನಿಗೆ, ಎರಡೂ ಕಡೆ ಇಮೇಲಿನಲ್ಲಿ. ಸರ್ವಿಸ್ ದಾಖಲೆ, ಮೇಲೆ ಹೇಳಿದ ಒತ್ತಡದ ಗ್ರಾಫ್, ಜಾಬ್ ಕಾರ್ಡ್ ಜೊತೆಗಿರಲಿ. ಭಾಗದ ಬೆಲೆಯಲ್ಲಿ ಇಷ್ಟು ಪಾಲು ಕಂಪನಿಯದು ಎಂದು ನಿರ್ದಿಷ್ಟವಾಗಿ ಕೇಳಿ. ಸುಮ್ಮನೆ "ಸಹಾಯ ಮಾಡಿ" ಎಂದರೆ ಲೇಬರ್ ಮೇಲೆ ಸಣ್ಣ ರಿಯಾಯಿತಿ ಕೊಟ್ಟು ಮುಗಿಸುತ್ತಾರೆ. ಹಾಗೆಯೇ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಿ. ಖರ್ಚಿಲ್ಲ, ಡಾಕೆಟ್ ನಂಬರ್ ಸಿಗುತ್ತದೆ.

ರೀಕಾಲ್ ಕಾನೂನು ಬೇರೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 110ಎ ಕಲಂ ಪ್ರಕಾರ ಕೇಂದ್ರ ಸರ್ಕಾರ ಕಡ್ಡಾಯ ರೀಕಾಲ್ ಆದೇಶಿಸಬಹುದು. ನಿಯಮ 2021ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಗಾಡಿ 7 ವರ್ಷಕ್ಕಿಂತ ಹಳೆಯದಿರಬಾರದು, ದೋಷ ಸುರಕ್ಷತೆಗೆ ಅಥವಾ ಪರಿಸರಕ್ಕೆ ಸಂಬಂಧಿಸಿರಬೇಕು, ಮಾರಾಟದ ಪ್ರಮಾಣಕ್ಕೆ ತಕ್ಕಷ್ಟು ಸಂಖ್ಯೆಯಲ್ಲಿ ಮಾಲೀಕರ ದೂರುಗಳು ಬಂದಿರಬೇಕು. ಹೆದ್ದಾರಿ ನಡುವೆ ಚಾಲನೆ ನಿಂತುಹೋಗುವುದು ಸುರಕ್ಷತೆಯ ವಿಷಯವೇ. ಹಳೆಯ ಪೋಲೊಗಳಿಗೆ ವಯಸ್ಸಿನ ಮಿತಿ ದಾಟಿದೆ. ಹೊಸ ಗಾಡಿಯವರು ದೂರು ಹಾಕದೆ ಕೂತರೆ ಸಂಖ್ಯೆ ಎಂದಿಗೂ ತುಂಬುವುದಿಲ್ಲ.

ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಕಂಪನಿ ಕಚೇರಿ ಎಲ್ಲೇ ಇರಲಿ. ಗಾಡಿಗೆ ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲೆಯೇ ಸಾಕು. ಶುಲ್ಕ 5ರಿಂದ 10 ಲಕ್ಷದ ಗಾಡಿಗೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400. ವಕೀಲರು ಕಡ್ಡಾಯವಲ್ಲ. ಗಡುವು ಮಾತ್ರ ಗಟ್ಟಿ: ದಾವೆಯ ಕಾರಣ ಹುಟ್ಟಿದ ದಿನದಿಂದ 2 ವರ್ಷ. ತಡವಾದರೆ ಸಕಾರಣ ತೋರಿಸಿ ಮನ್ನಾ ಕೇಳಬೇಕು. ಕಂಪನಿ ಎತ್ತುವ ಮೊದಲ ಆಕ್ಷೇಪ "ವಾರಂಟಿ ಮುಗಿದಿದೆ, ಕಾಲಮಿತಿಯೂ ಮುಗಿದಿದೆ" ಎಂದೇ ಇರುತ್ತದೆ. ದೋಷ ಹೊರಗೆ ಕಾಣುವಂಥದ್ದಲ್ಲ, ಬೆಳಕಿಗೆ ಬಂದದ್ದು ಇಂಥ ದಿನ ಎಂದು ಜಾಬ್ ಕಾರ್ಡ್ ಹೇಳಬೇಕು.

ಏನು ಕೇಳಬೇಕು ಎಂಬುದರಲ್ಲೇ ಹಲವರು ಎಡವುತ್ತಾರೆ. ಹೊಸ ಗಾಡಿ ಕೊಡಿ ಎಂದು ಬರೆದರೆ 2006ರ ಮಾರುತಿ ಉದ್ಯೋಗ್ ಪ್ರಕರಣದ ಸುಪ್ರೀಂ ಕೋರ್ಟ್ ತೀರ್ಪು ಎದುರು ಬರುತ್ತದೆ. ವಾರಂಟಿಯಡಿ ಹೊಣೆ ದೋಷದ ಭಾಗದ ರಿಪೇರಿ ಅಥವಾ ಬದಲಾವಣೆಗೆ ಸೀಮಿತ ಎಂದು ಅದು ಹೇಳುತ್ತದೆ. 2022ರ ಹ್ಯುಂಡೈ ಏರ್‌ಬ್ಯಾಗ್ ಪ್ರಕರಣದಲ್ಲಿ ಗಾಡಿಯನ್ನೇ ಬದಲಿಸುವ ಆದೇಶ ಉಳಿಯಿತು, ತಜ್ಞರ ವರದಿಯೂ ಬೇಕಾಗಲಿಲ್ಲ. ಡಿಕ್ಕಿಯಾದರೂ ಏರ್‌ಬ್ಯಾಗ್ ತೆರೆಯಲಿಲ್ಲ ಎಂಬುದೇ ಅಲ್ಲಿ ಎಲ್ಲವನ್ನೂ ಹೇಳಿತು. ಗೇರ್‌ಬಾಕ್ಸಿಗೆ ಆ ಅನುಕೂಲವಿಲ್ಲ. ಆದ್ದರಿಂದ ರಿಪೇರಿ ವೆಚ್ಚ, ಟೋಯಿಂಗ್, ಗಾಡಿ ನಿಂತ ದಿನಗಳ ಓಡಾಟದ ಖರ್ಚು ಇಷ್ಟನ್ನು ಬಿಲ್ ಸಮೇತ ಕೇಳಿ. ಪರೀಕ್ಷೆ ಇಲ್ಲದೆ ದೋಷ ತೀರ್ಮಾನಿಸಲಾಗದಿದ್ದರೆ ಅದೇ ಗ್ರಾಹಕ ಕಾಯ್ದೆಯ 38(2)(ಸಿ) ಕಲಂ ಅಡಿ ಭಾಗವನ್ನು ಪ್ರಯೋಗಾಲಯಕ್ಕೆ ಕಳಿಸಲು ಅರ್ಜಿ ಹಾಕಬಹುದು.

ಅದಕ್ಕೆ ಭಾಗ ಉಳಿದಿರಬೇಕಲ್ಲ. ಪೂರ್ತಿ ಹಣ ಕೊಟ್ಟವರು ಹಳೆಯ ಹೌಸಿಂಗನ್ನು ಬಿಟ್ಟುಬರಬೇಡಿ. "ಹಳೆಯ ಭಾಗ ಮಾಲೀಕರಿಗೆ ಹಿಂತಿರುಗಿಸಬೇಕು" ಎಂದು ಕೆಲಸ ಶುರುವಾಗುವ ಮೊದಲೇ ಜಾಬ್ ಕಾರ್ಡಿನಲ್ಲಿ ಬರೆಸಿ. ಬದಲಿ ಯೂನಿಟ್ಟನ್ನು ಹಳೆಯದರ ವಿನಿಮಯದ ಬೆಲೆಗೆ ಕೊಡುವುದಾದರೆ ಹಳೆಯದು ಅವರ ಪಾಲಾಗುತ್ತದೆ, ಆ ವ್ಯತ್ಯಾಸ ಎಷ್ಟೆಂದು ಮುಂಚೆಯೇ ಕೇಳಿ.

ಸ್ಪ್ಯಾನರ್_ಸೀನ

ಅದಕ್ಕೆ ಒಂದು ಸೇರಿಸ್ತೀನಿ. ಬಿಚ್ಚುವಾಗ ಎದುರಿಗೆ ನಿಂತು ವಿಡಿಯೊ ತೆಗೀರಿ. ಪಾರ್ಟ್ ನಂಬರ್ ಚೀಟಿ ಕಾಣೋ ಹಾಗೆ ಒಂದು, ಅಕ್ಯುಮ್ಯುಲೇಟರ್ ತಿರುಚಿ ತೆಗೆದ ಮೇಲೆ ಥ್ರೆಡ್ ಒಳಗೆ ಟಾರ್ಚ್ ಬಿಟ್ಟು ಇನ್ನೊಂದು. ಆಯಿಲ್ ಒರೆಸದೇ ಸೀಳು ಕಾಣಲ್ಲ, ಬ್ರೇಕ್ ಕ್ಲೀನರ್ ಹೊಡೆದು ಒಣಗಿಸಿ ನೋಡಿ.

ಮತ್ತೆ ಗಾಡಿ ನಿಂತಲ್ಲಿಂದ ಗ್ಯಾರೇಜಿಗೆ ಹಗ್ಗ ಕಟ್ಟಿ ಎಳೆಸಬೇಡಿ. ಒತ್ತಡ ಹೋದಾಗ ಒಂದು ಗೇರ್ ಕೂತೇ ಇರಬಹುದು. ಫ್ಲಾಟ್‌ಬೆಡ್ ಕರೆಸಿ, ರಸೀದಿ ಇಟ್ಕೊಳ್ಳಿ.